ಅತ್ತೆಯ ಬಿಳಿ ಪುಡಿ

ನಾನು ಚಿಕ್ಕಬಾಣಾವರದಿಂದ ಕೋಗಿಲಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದವರು ಇಬ್ಬರೇ, ನನ್ನ ಗಂಡ ಮತ್ತು ಅವರ ತಾಯಿ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡನಿಗೆ ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಕೆಲಸ. ಬೆಳಗ್ಗೆ ಯಲಹಂಕದವರೆಗೆ ನಡೆದುಹೋಗಿ ಗಾಡಿ ಹತ್ತಿದರೆ ಮತ್ತೆ ಮನೆ ಸೇರುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಂದು ಯಾವ ವ್ಯಾಗನ್ ಖಾಲಿ ಮಾಡಿಸಿದ್ದರೆಂಬುದು ಅವರ ಅಂಗಿಯ ವಾಸನೆಯಲ್ಲೇ ತಿಳಿಯುತ್ತಿತ್ತು. ಒಂದು ದಿನ ಈರುಳ್ಳಿ, ಇನ್ನೊಂದು ದಿನ ಒಣಮೆಣಸಿನಕಾಯಿ. ಮೆಣಸಿನಕಾಯಿಯ ದಿನ ಅಂಗಿಯನ್ನು ಒಳಗೆ ತರಲು ಅತ್ತೆ ಬಿಡುತ್ತಿರಲಿಲ್ಲ.

ಹೊಲ, ಸೀಬೆ ತೋಟ, ದನಕರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವರು ಅತ್ತೆ. ಎತ್ತರದ, ಒಣಕಲು ಮೈಯ ಹೆಂಗಸು. ಮಾತು ಸ್ವಲ್ಪ ಜೋರು, ಆದರೆ ಮನಸ್ಸಿನಲ್ಲಿ ಕಹಿ ಇರಲಿಲ್ಲ. ತವರಿನಲ್ಲಿ ತಾಯಿ ಇಲ್ಲದೆ ಬೆಳೆದವಳು ನಾನು. ಬಂದ ಮೊದಲ ವಾರವೇ ಅವರು ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಿ, "ಇಷ್ಟು ಕೂದ್ಲ ಒಬ್ಳೇ ಎಂಗೆ ಬಾಚ್ಕಂತಿದ್ದೆ ಮಗ?" ಎಂದು ಕೇಳಿದಾಗ ನನಗೆ ಅಳು ಬಂದುಬಿಟ್ಟಿತ್ತು.

ಅವರಿಗೆ ಒಂದೇ ಒಂದು ಕಾಯಿಲೆ, ಎದೆಯುರಿ. ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಮೇಲ್ಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು ಗೋಡೆಗೆ ಒರಗುತ್ತಿದ್ದರು. ಅದಕ್ಕೆಂದು ಯಲಹಂಕದ ಒಬ್ಬ ಡಾಕ್ಟರು ಹಿಂದೆಂದೋ ಒಂದು ಬಿಳಿ ಪುಡಿ ಬರೆದುಕೊಟ್ಟಿದ್ದರಂತೆ. ಹೊಟ್ಟೆಯ ಹುಳಿ ಇಳಿಸುವ ಔಷಧಿ. ಗಂಡ ಅದನ್ನು ಯಶವಂತಪುರದ ಔಷಧಿ ಅಂಗಡಿಯಿಂದ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. ಅತ್ತೆ ಅದನ್ನು ತಗಡಿನ ಡಬ್ಬಿಗೆ ಸುರಿದು, ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದರು. ಒಂದು ಚಮಚ ಪುಡಿಯನ್ನು ಲೋಟದ ನೀರಿಗೆ ಹಾಕಿ ಕದಡಿದರೆ ನೀರು ಸುಣ್ಣ ಕದಡಿದಂತೆ ಬೆಳ್ಳಗಾಗುತ್ತಿತ್ತು. ಗಟಗಟನೆ ಕುಡಿದು, ದೊಡ್ಡದಾಗಿ ತೇಗಿ, "ಆ, ಜೀವ ಬಂತು" ಎನ್ನುತ್ತಿದ್ದರು. ಅವರನ್ನು ಎಷ್ಟೋ ವರ್ಷ ಕಾಲ ಮೇಲೆ ನಿಲ್ಲಿಸಿದ್ದೇ ಆ ಪುಡಿ. ಅದರ ಮೇಲೆ ಅವರಿಗೆ ದೇವರ ಮೇಲಿನಷ್ಟೇ ನಂಬಿಕೆ.

ಮದುವೆಯಾದ ಮರುವರ್ಷ ನಾನು ಬಸುರಿಯಾದೆ. ಹೊಟ್ಟೆ ಕಾಣಿಸತೊಡಗಿದ ಮೇಲೆ ಒಂದು ಕೊಡ ನೀರು ತರುವಷ್ಟರಲ್ಲಿ ಎದೆ ಹೊಡೆದುಕೊಂಡು, ಜಗುಲಿಯ ಮೇಲೆ ಕುಸಿದು ಕೂರುವಂತಾಯಿತು. ಉಗುರು ಬಿಳುಪೇರಿದವು. ಕೂತಲ್ಲಿ ಕಣ್ಣು ಮುಚ್ಚಿಹೋಗುತ್ತಿತ್ತು. ಹತ್ತಿರದ ಡಿಸ್ಪೆನ್ಸರಿಗೆ ಹೋದಾಗ ಅಲ್ಲಿಯವರು ನನ್ನ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತ ಕಡಿಮೆ ಎಂದು ಹೇಳಿ ಕಬ್ಬಿಣದ ಮಾತ್ರೆಗಳನ್ನು ಕೊಟ್ಟರು. ದಿನವೂ ತಪ್ಪದೆ ನುಂಗಬೇಕು ಎಂದರು. ಬೇರೆ ಏನನ್ನೂ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಬಾಯಿಗೆ ತುಕ್ಕಿನ ರುಚಿ. ಎರಡು ದಿನ ಹೇಗೋ ತಡೆದುಕೊಂಡು, ಮೂರನೆಯ ದಿನ ಹಿತ್ತಲಲ್ಲಿ ವಾಂತಿ ಮಾಡಿಕೊಂಡೆ. ಅತ್ತೆ ಹಿಂದಿನಿಂದ ಬಂದು ನನ್ನ ಹಣೆ ಹಿಡಿದುಕೊಂಡರು. ಬಾಯಿ ತೊಳೆಸಿ ಒಳಗೆ ಕರೆದುಕೊಂಡು ಹೋಗಿ, ಗೂಡಿನಿಂದ ಡಬ್ಬಿ ತೆಗೆದರು.

"ನಿಂಗೂ ನನ್ನಂಗೇ ಉರಿ ಕಣವ್ವ. ಮಾತ್ರೆ ಬುಡಬ್ಯಾಡ. ಅದ್ರ ಜೊತೆಗೇ ಇದ್ನೂ ಕುಡ್ಕ. ಉರಿ ಎದ್ದೇಳಾಕೆ ಮುಂಚೇನೇ ಒಟ್ಟೆ ತಣ್ಣಗಾಯ್ತದೆ."

ನಿಜವಾಗಿಯೂ ತಣ್ಣಗಾಯಿತು. ಅಂದಿನಿಂದ ಮಾತ್ರೆ ನುಂಗುವುದು ಕಷ್ಟವೆನಿಸಲಿಲ್ಲ. ದಿನವೂ ಅತ್ತೆಯೇ ಪುಡಿ ಕದಡಿದ ಲೋಟವನ್ನು ಒಂದು ಕೈಯಲ್ಲಿ, ಮಾತ್ರೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನ ಮುಂದೆ ನಿಲ್ಲುತ್ತಿದ್ದರು. ನಾನು ನುಂಗುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ. ಮಲ ಕಪ್ಪಗೆ ಹೋಗತೊಡಗಿದಾಗ ನಾನು ಹೆದರಿ ಹೇಳಿದೆ. ಅವರು, "ಅದು ಮಾತ್ರೆ ಕೆಲ್ಸ ಮಾಡ್ತಾ ಅದೆ ಅಂತ" ಎಂದು ಧೈರ್ಯ ಹೇಳಿದರು. ಆದರೆ ಉಸಿರು ಮಾತ್ರ ಸುಧಾರಿಸಲಿಲ್ಲ. ಪಾದಗಳು ಊದಿಕೊಂಡವು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆವು.

ದಿನ ತುಂಬುವುದಕ್ಕೆ ಮೊದಲೇ ಹೆರಿಗೆಯಾಯಿತು. ಗಂಡು ಮಗು. ನನ್ನ ಅಂಗೈ ಮತ್ತು ಮೊಳಕೈ ನಡುವೆ ಹಿಡಿಸುವಷ್ಟು ಸಣ್ಣದು. ಬೆಕ್ಕಿನ ಮರಿಯ ಹಾಗೆ ಒಂದೆರಡು ಸಲ ದನಿ ಮಾಡಿತು. ಮರುದಿನ ಅದೂ ನಿಂತಿತು. ಅತ್ತೆ ತಮ್ಮ ಮೆತ್ತನೆಯ ಹಳೆಯ ಸೀರೆಯೊಂದನ್ನು ಹರಿದು ಸುತ್ತಿಕೊಟ್ಟರು. ಗಂಡ ಅದನ್ನು ಎತ್ತಿಕೊಂಡು ತೋಟದ ಅಂಚಿಗೆ ಹೋದರು. ಎದೆಯಲ್ಲಿ ಹಾಲು ಕಟ್ಟಿ ನಾನು ನರಳುತ್ತಿದ್ದಾಗ ಬಟ್ಟೆ ಬಿಗಿದು ಕಟ್ಟಿದವರೂ ಅತ್ತೆಯೇ. ಆ ಮಗುವಿಗೆ ನಾವು ಹೆಸರಿಡಲಿಲ್ಲ. ಮುಂದೆ ಬಹಳ ಕಾಲ ಮನೆಯಲ್ಲಿ ಯಾರೂ ಅದರ ಮಾತು ಎತ್ತಲಿಲ್ಲ.

ಎರಡು ವರ್ಷ ಕಳೆದ ಮೇಲೆ ನಾನು ಮತ್ತೆ ಬಸುರಿಯಾದೆ. ಮತ್ತೆ ಅದೇ ಏದುಸಿರು, ಅದೇ ಬಿಳಿಚಿದ ಉಗುರು. ಸಾಮಾನ್ಯವಾಗಿ ಮನೆಯ ವಿಷಯದಲ್ಲಿ ತಲೆ ಹಾಕದ ನನ್ನ ಗಂಡ ಈ ಸಲ ಊಟದ ತಟ್ಟೆಯ ಮುಂದೆ ಕೂತು ಖಡಾಖಂಡಿತವಾಗಿ ಹೇಳಿದರು.

"ಯಶವಂತಪುರದಲ್ಲಿ ರೈಲ್ವೆ ಗೇಟ್ ದಾಟಿದ್ರೆ ಒಂದು ಹೆರಿಗೆ ಆಸ್ಪತ್ರೆ ಐತೆ. ಲೇಡಿ ಡಾಕ್ಟ್ರು. ಈ ಸಲ ಅಲ್ಲೇ ತೋರಿಸ್ಬೇಕು. ಅವ್ವ, ನೀನೂ ಜೊತೆಗೆ ಓಗು."

"ಓಯ್ತೀನಿ ಕಣಪ್ಪ. ನಾನೇನ್ ಬ್ಯಾಡ ಅಂದ್ನಾ?" ಎಂದರು ಅತ್ತೆ.

ಹೀಗೆ ನಾವಿಬ್ಬರೂ ಗಂಡನ ಜೊತೆ ಬೆಳಗಿನ ಗಾಡಿಯಲ್ಲಿ ಹೋಗತೊಡಗಿದೆವು. ಆ ಡಾಕ್ಟರು ನಡುವಯಸ್ಸು ದಾಟಿದವರು, ನರೆತ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡಿದ್ದರು. ನಗು ಕಡಿಮೆ. ಬೆರಳು ಚುಚ್ಚಿ ರಕ್ತ ತೆಗೆಸಿ ಪರೀಕ್ಷೆ ಮಾಡಿಸಿದರು. ಮೊದಲ ಮಗುವಿನ ವಿಷಯ ಕೇಳಿ ತಿಳಿದುಕೊಂಡರು. "ಇರಬೇಕಾದಷ್ಟು ರಕ್ತದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿದೆ, ಅಷ್ಟೇ. ಹೀಗೇ ಬಿಟ್ಟರೆ ನಿನಗೂ ಕಷ್ಟ, ಮಗುವಿಗೂ ಕಷ್ಟ" ಎಂದು ಕಬ್ಬಿಣದ ಮಾತ್ರೆ ಬರೆದರು. ತಿಂಗಳು ಬಿಟ್ಟು ಬರಬೇಕೆಂದರು.

ಮನೆಗೆ ಬಂದ ದಿನದಿಂದಲೇ ಅತ್ತೆ ಹಿಂದಿನ ಹಾಗೆಯೇ ಲೋಟ ಹಿಡಿದು ನಿಂತರು. ಈ ಸಲ ಇನ್ನೂ ಹೆಚ್ಚು ಜತನ. ಒಂದು ಚಮಚದ ಬದಲು ತುಂಬು ಚಮಚ.

ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆಯಾಯಿತು. ಡಾಕ್ಟರು ಚೀಟಿ ನೋಡಿದರು, ನನ್ನ ಕಣ್ಣು ನೋಡಿದರು, ಮತ್ತೆ ಚೀಟಿ ನೋಡಿದರು. ಮುಖ ಬಿಗಿಯಾಯಿತು.

"ಒಂಚೂರೂ ಏರಿಲ್ಲ. ನಿಜ ಹೇಳಮ್ಮ. ಮಾತ್ರೆ ನುಂಗ್ತಿದೀಯಾ, ಇಲ್ಲ ಹಿತ್ತಲಿಗೆ ಎಸೀತಿದೀಯಾ?"

ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿದ್ದ ಅತ್ತೆ ಎದ್ದು ನಿಂತರು.

"ಎಸೆಯಾದಾ? ಏನ್ ಮಾತು ಅಂತ ಆಡ್ತೀರಿ ತಾಯಿ! ನಾನೇ ನನ್ ಕೈಯಾರೆ ನುಂಗಿಸ್ತೀನಿ. ಒಂದು ದಿನ ತಪ್ಪಿಲ್ಲ. ಮಲ ಕಪ್ಪಗೇ ಓಯ್ತದೆ, ಬೇಕಾದ್ರೆ ಕೇಳಿ ಅವ್ಳ."

"ಕಪ್ಪಗೆ ಹೋದ್ರೆ ಮಾತ್ರೆ ಹೊಟ್ಟೆಗೆ ಇಳಿದಿದೆ ಅಂತ ಅರ್ಥ. ರಕ್ತಕ್ಕೆ ಸೇರಿದೆ ಅಂತಲ್ಲ" ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ನನ್ನನ್ನು ಅನುಮಾನಿಸಿದ್ದಕ್ಕೆ ಅವರಿಗೆ ಕಸಿವಿಸಿಯಾಗಿತ್ತೆಂದು ಕಾಣುತ್ತದೆ. ಅತ್ತೆಗೆ ಕುರ್ಚಿ ತೋರಿಸಿ ಕೂರಿಸಿದರು. "ಸರಿ, ಹೇಗೆ ನುಂಗಿಸ್ತೀರಿ ಹೇಳಿ. ಊಟಕ್ಕೆ ಮುಂಚೇನಾ ಆಮೇಲಾ, ಯಾವುದರ ಜೊತೆ, ಎಲ್ಲ ಹೇಳಿ."

ಅತ್ತೆ ಹುಮ್ಮಸ್ಸಿನಿಂದ ಹೇಳತೊಡಗಿದರು. ಮಾತ್ರೆ ಉರಿ ಮಾಡುವುದು, ಹುಡುಗಿ ವಾಂತಿ ಮಾಡಿಕೊಂಡದ್ದು, ತಮ್ಮ ಬಿಳಿ ಪುಡಿ, ಅದನ್ನು ಕದಡುವ ಬಗೆ. ಡಾಕ್ಟರು ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಪುಡಿ ಯಾವಾಗ ಕೊಡ್ತೀರಿ?"

"ಮಾತ್ರೆ ಜೊತೆಗೇ. ಅದೇ ನೀರ್ನಾಗೇ ನುಂಗಿಸಾದು."

ಹೊರಗೆ ಯಾವುದೋ ಗೂಡ್ಸ್ ಗಾಡಿ ಶಂಟಿಂಗ್ ಆಗುತ್ತಿತ್ತು. ಡಬ್ಬಿಗಳು ಒಂದಕ್ಕೊಂದು ಗುದ್ದುವ ಸದ್ದು ನಿಂತ ಮೇಲೆ ಡಾಕ್ಟರು ಮಾತು ಶುರು ಮಾಡಿದರು.

"ನೋಡಿ ಅಮ್ಮ, ಕಬ್ಬಿಣ ಸುಮ್ಮನೆ ರಕ್ತಕ್ಕೆ ಸೇರಲ್ಲ. ಅದು ಮೊದಲು ಕರಗಬೇಕು. ಕರಗೋಕೆ ಹೊಟ್ಟೇಲಿ ಹುಳಿ ಬೇಕು. ಎಲ್ಲರ ಹೊಟ್ಟೇಲೂ ಆ ಹುಳಿ ಇರುತ್ತೆ. ನಿಮಗೆ ಅದೇ ಜಾಸ್ತಿಯಾಗಿ ಉರಿ ಮಾಡುತ್ತೆ. ಪುಡಿ ಆ ಹುಳೀನ ಅಡಗಿಸುತ್ತೆ, ನಿಮಗೆ ಸುಖ ಆಗುತ್ತೆ. ಆದ್ರೆ ಮಾತ್ರೆ ಜೊತೆಗೇ ಪುಡಿ ಹೋದ್ರೆ ಕಬ್ಬಿಣ ಕರಗಲ್ಲ. ಸ್ವಲ್ಪವೋ ಏನೋ ಒಳಗೆ ಸೇರಬಹುದು. ಉಳಿದದ್ದೆಲ್ಲ ಹಾಗೇ ಮಲದಲ್ಲಿ ಹೊರಟುಹೋಗುತ್ತೆ."

ಅತ್ತೆಯ ಮುಖದಿಂದ ಹುಮ್ಮಸ್ಸು ಇಳಿಯಿತು. "ಅಂಗಾದ್ರೆ ಇಷ್ಟು ದಿನ ತಿಂದಿದ್ದು?"

"ಹೆಚ್ಚಿನದು ದಂಡ. ಪರವಾಗಿಲ್ಲ, ಇನ್ನೂ ಸಮಯ ಇದೆ. ಇವಳಿಗೆ ಪುಡಿ ಕೊಡೋದು ನಿಲ್ಲಿಸಿ. ಬೆಳಗ್ಗೆ ನಿಂಬೆಹಣ್ಣಿನ ನೀರಲ್ಲಿ ಮಾತ್ರೆ ನುಂಗಲಿ. ತೀರಾ ಸಂಕಟ ಆದ್ರೆ ಒಂದು ತುತ್ತು ಏನಾದ್ರೂ ತಿಂದು ನುಂಗಲಿ. ಹಾಲು, ಕಾಫಿ ಕೂಡ ಆಮೇಲೆ."

ವಾಪಸು ಗಾಡಿಯಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ನಾನು ಒಂದೆರಡು ಸಲ ಮಾತನಾಡಿಸಿದೆ, ಹೂಂ ಎಂದರು. ಯಲಹಂಕದಲ್ಲಿ ಇಳಿದು, ಹೊಲಗಳ ನಡುವಿನ ದಾರಿಯಲ್ಲಿ ಅರ್ಧ ನಡೆದಾಗ ಇದ್ದಕ್ಕಿದ್ದಂತೆ ನಿಂತರು.

"ಮೊದಲ್ನೇದಕ್ಕೂ ನಾನೇ ಅಲ್ವಾ ಕೊಟ್ಟಿದ್ದು?"

ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಗಾಡಿಯಲ್ಲಿ ಕೂತಾಗಿನಿಂದ ನನ್ನ ತಲೆಯಲ್ಲೂ ಅದೇ ಇತ್ತು. "ಬನ್ನಿ ಅತ್ತೆ, ಬಿಸಿಲು ಏರ್ತಾ ಐತೆ" ಎಂದು ಅವರ ಕೈ ಹಿಡಿದುಕೊಂಡೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಹಿಡಿಯಲೂ ಇಲ್ಲ.

ಮರುದಿನದಿಂದ ಅವರು ನನ್ನ ಮಾತ್ರೆಯನ್ನು ಮುಟ್ಟಲಿಲ್ಲ. ನಿಂಬೆಹಣ್ಣನ್ನು ಹೆಚ್ಚಿ ಒಲೆಯ ಕಟ್ಟೆಯ ಮೇಲೆ ಇಟ್ಟು ಹೊಲಕ್ಕೆ ಹೊರಟುಬಿಡುತ್ತಿದ್ದರು. ನಾನೇ ಹಿಂಡಿಕೊಂಡು ಕುಡಿಯುತ್ತಿದ್ದೆ. ಮೊದಲ ದಿನಗಳಲ್ಲಿ ಉರಿ ಜೋರಾಗಿತ್ತು. ಒಂದು ತುಂಡು ಒಣ ರೊಟ್ಟಿ ತಿಂದು ನುಂಗುವುದನ್ನು ಅಭ್ಯಾಸ ಮಾಡಿಕೊಂಡ ಮೇಲೆ ಸಹಿಸುವಂತಾಯಿತು. ಮುಂದಿನ ಪರೀಕ್ಷೆಗೆ ಗಂಡನೇ ಕರೆದುಕೊಂಡು ಹೋದರು. ಅತ್ತೆ ಬರಲೊಪ್ಪಲಿಲ್ಲ. ರಕ್ತ ಏರಿತ್ತು. ಡಾಕ್ಟರು ಅಂದು ಮೊದಲ ಸಲ ನಕ್ಕದ್ದನ್ನು ಕಂಡೆ. ಆ ಸುದ್ದಿಯನ್ನು ಮನೆಗೆ ಬಂದು ಹೇಳಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ ಗಂಡನ್ ಪುಣ್ಯ" ಎಂದಷ್ಟೇ ಹೇಳಿದರು.

ಈ ನಡುವೆ ಒಂದನ್ನು ನಾನು ಗಮನಿಸಿರಲಿಲ್ಲ. ನನ್ನ ಮೈ ನನಗೇ ಭಾರವಾಗಿದ್ದ ಕಾಲ. ಒಂದು ದಿನ ಗೂಡು ಗುಡಿಸುವಾಗ ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಧೂಳು ಕೂತಿರುವುದು ಕಣ್ಣಿಗೆ ಬಿತ್ತು. ತೆರೆದು ನೋಡಿದರೆ ಪುಡಿ ಹೆಂಟೆಗಟ್ಟಿತ್ತು. ಅತ್ತೆ ಆಸ್ಪತ್ರೆಯಿಂದ ಬಂದ ದಿನದಿಂದ ತಾವೂ ಅದನ್ನು ಬಿಟ್ಟುಬಿಟ್ಟಿದ್ದರು.

"ಯಾಕತ್ತೆ? ಡಾಕ್ಟ್ರು ನಿಮಗೆ ಬೇಡ ಅನ್ಲಿಲ್ವಲ್ಲ."

"ಅದ್ನ ಕಂಡ್ರೇನೇ ಮನ್ಸು ಕೆಡ್ತದೆ. ನಂಗೇನೂ ಆಗಿಲ್ಲ, ಬುಡು."

ಆಗಿತ್ತು. ಊಟ ಅರ್ಧಕ್ಕರ್ಧ ಇಳಿದಿತ್ತು. ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಅವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದಾರೆಂಬುದು ನನಗೆ ಅರ್ಥವಾಯಿತು. ಸಂಜೆ ಗಂಡನಿಗೆ ಹೇಳಿದೆ. ಅವರು ಬೈದರು, ಬೇಡಿಕೊಂಡರು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅದಾಗಿ ಕೆಲವು ದಿನಗಳ ಮೇಲೆ, ಬೆಳಗ್ಗೆ ಸೀಬೆ ತೋಟದಲ್ಲಿ ಹಣ್ಣು ಬಿಡಿಸುತ್ತಿದ್ದವರು ಬುಟ್ಟಿಯ ಪಕ್ಕದಲ್ಲೇ ಕುಸಿದರು. ನಾನು ಹೊಟ್ಟೆ ಹಿಡಿದುಕೊಂಡು ಓಡಿಹೋಗಿ ನೋಡಿದಾಗ ಅವರು ವಾಂತಿ ಮಾಡಿಕೊಂಡಿದ್ದರು. ಅದು ಕಾಫಿ ಚರಟದಂತೆ ಕಪ್ಪಗಿತ್ತು. ಕೂಗಿದ್ದಕ್ಕೆ ಪಕ್ಕದ ಹೊಲದವರು ಎತ್ತಿನ ಗಾಡಿ ಕಟ್ಟಿದರು. ಯಲಹಂಕಕ್ಕೆ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಸುದ್ದಿ ತಲುಪಿ ಗಂಡ ಶೆಡ್ಡಿನಿಂದ ನೇರವಾಗಿ ಅಲ್ಲಿಗೆ ಬಂದರು. ಹೊಟ್ಟೆಯೊಳಗೆ ಹುಣ್ಣಾಗಿದೆ, ಅದರಿಂದ ರಕ್ತ ಸೋರಿದೆ ಎಂದರು ಅಲ್ಲಿಯ ಡಾಕ್ಟರು. ಬಾಟಲಿಯಲ್ಲಿ ರಕ್ತ ಏರಿಸಿದರು. ಕೊಟ್ಟವರು ನನ್ನ ಗಂಡ. ನಾನೂ ಕೊಡುತ್ತೇನೆಂದಾಗ ನರ್ಸು ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿ ತಲೆಯಾಡಿಸಿ ಹೊರಟುಹೋದಳು.

ಅತ್ತೆ ಉಳಿದುಕೊಂಡರು. ಮನೆಗೆ ಕಳಿಸುವಾಗ ಒಂದು ಬಾಟಲಿ ಬಿಳಿ ಔಷಧಿಯನ್ನೂ ಒಂದು ಪೊಟ್ಟಣ ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು. ಅತ್ತೆ ಎರಡನ್ನೂ ಮುಟ್ಟಲಿಲ್ಲ. "ಎಲ್ಡೂ ಒಂದಕ್ಕೊಂದು ಆಗಲ್ಲ ಅಂದವ್ರೆ ಆ ಡಾಕ್ಟ್ರಮ್ಮ. ಎಲ್ಡೂ ಕೊಟ್ಟವ್ರೆ ಇವ್ರು. ಏನ್ ಮಾಡಾನ?" ಎಂದರು. ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅವರನ್ನು ಯಶವಂತಪುರಕ್ಕೆ ಹೊರಡಿಸಲು ನನಗೆ ಅದೇ ನೆಪವಾಯಿತು.

ಲೇಡಿ ಡಾಕ್ಟರು ಬಾಟಲಿಯನ್ನೂ ಪೊಟ್ಟಣವನ್ನೂ ಮೇಜಿನ ಮೇಲೆ ದೂರ ದೂರ ಇಟ್ಟರು. "ಎರಡೂ ಬೇಕು ನಿಮಗೆ. ಹುಣ್ಣು ಮಾಗೋಕೆ ಇದು, ಕಳಕೊಂಡ ರಕ್ತಕ್ಕೆ ಅದು. ಒಟ್ಟಿಗೆ ಮಾತ್ರ ಬೇಡ. ಬೆಳಗ್ಗೆ ಎದ್ದು ಬರೀ ನೀರಲ್ಲಿ ಮಾತ್ರೆ. ನಿಂಬೆ ನಿಮಗಲ್ಲ, ನಿಮ್ಮ ಸೊಸೆಗೆ. ಬಿಳಿ ಔಷಧಿ ಮಧ್ಯಾಹ್ನ ಊಟ ಆದ್ಮೇಲೆ, ಮತ್ತೆ ಮಲಗೋ ಮುಂಚೆ. ನಡುವೆ ಒಂದು ಹೊತ್ತು ಅಂತರ ಇರಲಿ. ಆಯ್ತಾ?"

ಅತ್ತೆ ತಲೆ ಆಡಿಸಿದರು. ಎದ್ದೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

"ತಾಯಿ, ಒಂದು ಮಾತು ಕೇಳ್ತೀನಿ. ಆ ಮೊದಲ್ನೇ ಕೂಸು ಓಗಿದ್ದು ನನ್ ಪುಡಿಯಿಂದಾನಾ?"

ಡಾಕ್ಟರು ಅಲ್ಲ ಎಂದು ಹೇಳಿಬಿಡಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಹಾಗೆ ಹೇಳಲಿಲ್ಲ.

"ನನಗೆ ಗೊತ್ತಿಲ್ಲ ಅಮ್ಮ. ಗೊತ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಇವಳಿಗೆ ಮೊದಲೇ ರಕ್ತ ಕಮ್ಮಿ ಇತ್ತು. ದಿನ ತುಂಬದೆ ಹುಟ್ಟೋ ಮಕ್ಕಳು ಬೇರೆ ಎಷ್ಟೋ ಕಾರಣಕ್ಕೆ ಹೋಗ್ತವೆ. ಮಾತ್ರೆ ಸರಿಯಾಗಿ ಹಿಡಿದಿದ್ರೆ ಇವಳಿಗೆ ಒಳ್ಳೇದಾಗ್ತಿತ್ತು. ಮಗು ಉಳೀತಿತ್ತು ಅಂತ ಹೇಳೋಕಾಗಲ್ಲ. ಮಾತ್ರೆ ಕೊಟ್ಟವರು ನಿಮಗೆ ತಿಳಿಸಿ ಹೇಳಬೇಕಿತ್ತು. ಈ ಸಲ ನಾನೂ ಮೊದಲ ದಿನವೇ ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮೊಬ್ಬರ ತಲೆ ಮೇಲೆ ಹೊತ್ಕೋಬೇಡಿ."

ಅತ್ತೆ ಅಲ್ಲೇ, ಡಾಕ್ಟರ ಮುಂದೆಯೇ ಅತ್ತರು. ಮಗು ಹೋದಾಗಲೂ ಅವರು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಕೇಳಿರಲಿಲ್ಲ. ಡಾಕ್ಟರು ಹೊರಗೆ ಕಾಯುತ್ತಿದ್ದವರ ಕಡೆ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿದರು. ಅಳು ತಾನಾಗಿ ನಿಲ್ಲುವವರೆಗೆ ಕಾದರು.

ಮರುದಿನ ಬೆಳಗ್ಗೆ ನಾನು ಎರಡು ಲೋಟ ತೆಗೆದುಕೊಂಡೆ. ಒಂದಕ್ಕೆ ನಿಂಬೆ ಹಿಂಡಿದೆ, ಇನ್ನೊಂದಕ್ಕೆ ಬರೀ ನೀರು. ಅತ್ತೆಯ ಮಾತ್ರೆಯನ್ನು ಅವರ ಅಂಗೈಗೆ ಹಾಕಿ, ನನ್ನ ಮಾತ್ರೆಯ ಪೊಟ್ಟಣವನ್ನು ಅವರ ಮುಂದೆ ಚಾಚಿದೆ.

"ನಂಗೆ ನೀವೇ ಕೊಡಿ."

"ನನ್ ಕೈಲಾ? ಬ್ಯಾಡ ಕಣವ್ವ."

"ನೀವು ಕೊಡ್ದಿದ್ರೆ ನಾನು ನುಂಗಲ್ಲ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಕೊನೆಗೆ ಒಂದು ಮಾತ್ರೆ ತೆಗೆದು ಕೊಟ್ಟರು. ಇಬ್ಬರೂ ಒಟ್ಟಿಗೆ ನುಂಗಿದೆವು, ಇಬ್ಬರೂ ಮುಖ ಕಿವುಚಿದೆವು. ಆ ದಿನಗಳಲ್ಲಿ ನಮ್ಮ ಮನೆಯ ಹೊತ್ತುಗಳೇ ಬೇರೆಯಾದವು. ಬೆಳಗಿನ ಗಾಡಿ ಕೂಗಿದರೆ ಮಾತ್ರೆ, ಮಧ್ಯಾಹ್ನ ಉಂಡ ಮೇಲೆ ಅತ್ತೆಗೆ ಬಿಳಿ ಔಷಧಿ. ಕಾಫಿ ಕುಡಿಯಲು ಆತುರಪಟ್ಟರೆ ಅವರು ಲೋಟ ಕಸಿದುಕೊಳ್ಳುತ್ತಿದ್ದರು. ಕ್ರಮೇಣ ಅವರ ತುಟಿಗೆ ಬಣ್ಣ ಬಂತು. ನಾನು ನೀರು ಹೊತ್ತು ತಂದರೂ ಜಗುಲಿಯ ಮೇಲೆ ಕೂರಬೇಕಾಗುತ್ತಿರಲಿಲ್ಲ. ಅವರು ಹೊರಲು ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ದಿನ ತುಂಬಿ, ಯಶವಂತಪುರದ ಆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅದರ ಅಳು ವರಾಂಡದ ಆಚೆ ತುದಿಗೂ ಕೇಳಿಸಿತೆಂದು ಗಂಡ ಆಮೇಲೆ ಹೇಳಿದರು. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಅತ್ತೆ ಮಂಚದಿಂದ ದೂರ, ಕಿಟಕಿಯ ಹತ್ತಿರ ನಿಂತಿದ್ದರು. ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು.

"ಎತ್ಕೊಳ್ಳಿ ಅತ್ತೆ."

"ಅವ್ನು ಎತ್ಕಳ್ಳಿ ಮೊದ್ಲು. ಅಪ್ಪ."

ನನ್ನ ಗಂಡ ಮಗುವನ್ನು ತೆಗೆದುಕೊಂಡವರು, ಹಿಡಿಯಲು ಬಾರದೆ ತಡವರಿಸಿದರು. ತಲೆ ವಾಲಿತು. ಅಷ್ಟೇ, ಅತ್ತೆಯ ಕೈಗಳು ತಾವಾಗಿ ಹೊರಗೆ ಬಂದವು.

"ಇಂಗೆ ಇಡ್ಕಳಾದೇನೋ ಕೂಸ? ಕತ್ತು ಅಂಗೇ ಬಿಟ್ಬುಟ್ಟಿದೀಯ, ಕೊಡಿಲ್ಲಿ" ಎಂದು ಗದರಿ, ಮಗುವನ್ನು ತಮ್ಮ ಮೊಳಕೈಗೆ ಒರಗಿಸಿಕೊಂಡು ಬೆಳಕಿಗೆ ತಿರುಗಿದರು. ಮೊದಲು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಉಗುರು ನೋಡಿದರು. ಆಮೇಲೆ ಕಾಲಿನದು.

"ಕೆಂಪಗವೆ" ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಮತ್ತೆ ಮತ್ತೆ ಅದನ್ನೇ ಹೇಳುತ್ತಾ ಕಿಟಕಿಯ ಬಳಿ ನಿಂತೇ ಇದ್ದರು. ಮಗು ಅಳುತ್ತಿತ್ತು. ಸುಮ್ಮನಾಗಿಸಲು ಅವರು ಅವಸರ ಮಾಡಲಿಲ್ಲ.